ಬೇರ್ಪಡಿಸಿದವರು ಯಾರು?

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ಶಿಷ್ಯನೊಬ್ಬ ಮೊನ್ನೆ ದೂರವಾಣಿಯಲ್ಲಿ, "ಮೇಷ್ಟ್ರೇ, ಕಪ್ಪು ಜನರಿಗೊಂದು, ಮೂಲನಿವಾಸಿಗಳಿಗೊಂದು, ಲ್ಯಾಟಿನೋಗಳಿಗೊಂದು ಎಂದು ರಾಷ್ಟ್ರೀಯ ಮ್ಯೂಸಿಯಂ ಕಟ್ಟುತ್ತ ಹೋದರೆ ದೇಶ ಒಡೆಯುವುದಿಲ್ಲವೇ?" ಎಂದು ಕೇಳಿದ. ಅವನು ಕೇಳಿದ್ದು ಸದ್ಭಾವನೆಯಿಂದಲೇ. ಆದರೆ ಆ ಪ್ರಶ್ನೆಯ ಬುಡದಲ್ಲೊಂದು ಸುಳ್ಳಿದೆ. ಅದನ್ನು ಎತ್ತಿ ತೋರಿಸದೆ ಇರಲಾರೆ.

ಮೊದಲು ಎಲ್ಲರಿಗೂ ಸೇರಿದ ಒಂದೇ ವಸ್ತುಸಂಗ್ರಹಾಲಯವಿತ್ತು, ಈಗ ಅದನ್ನು ಒಡೆಯುತ್ತಿದ್ದಾರೆ ಎಂಬುದೇ ಆ ಸುಳ್ಳು. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿ ಮೂಲನಿವಾಸಿಗಳ ಬದುಕನ್ನು ಪ್ರಾಣಿಗಳು, ಶಿಲೆಗಳ ಜೊತೆಗೆ ನಿಸರ್ಗ ಚರಿತ್ರೆಯ ಸಂಗ್ರಹಾಲಯದಲ್ಲಿ ಇರಿಸಿದ್ದರು. ಹಾಗಾದರೆ ಅವರನ್ನು ಬೇರ್ಪಡಿಸಿದವರು ಯಾರು? 1989ರಲ್ಲಿ ಕಾಯಿದೆಯಾಗಿ, 2004ರಲ್ಲಷ್ಟೇ ಅವರದೇ ಸಂಗ್ರಹಾಲಯ ಅಲ್ಲಿ ಬಾಗಿಲು ತೆರೆಯಿತು.

ಕಪ್ಪು ಜನರು ಕಾದದ್ದು ಇನ್ನೂ ದೀರ್ಘಕಾಲ. ಅಂತರ್ಯುದ್ಧದಲ್ಲಿ ಹೋರಾಡಿದ ಕಪ್ಪು ಯೋಧರು ತಮ್ಮವರಿಗೊಂದು ಸ್ಮಾರಕ ಬೇಕೆಂದು 1915ರಲ್ಲಿಯೇ ಹೊರಟರು. 1929ರಲ್ಲಿ ಅಧ್ಯಕ್ಷ ಕೂಲಿಡ್ಜ್ ಮಸೂದೆಗೆ ಸಹಿ ಹಾಕಿದರೂ ಹಣ ಬರಲಿಲ್ಲ. 1988ರಿಂದ ಜಾನ್ ಲೂಯಿಸ್ ಮತ್ತೆ ಮತ್ತೆ ಮಸೂದೆ ಮಂಡಿಸಿದರು. 1994ರಲ್ಲಿ ಸೆನೆಟರ್ ಜೆಸ್ಸಿ ಹೆಲ್ಮ್ಸ್ ಅದಕ್ಕೆ ಅಡ್ಡ ನಿಂತರು; ಇವರಿಗೆ ಕೊಟ್ಟರೆ ನಾಳೆ ಬೇರೆಯವರೂ ಕೇಳುತ್ತಾರೆ ಎಂಬುದು ಅವರ ವಾದ. ಕೇಳಿದರೆ ತಪ್ಪೇನು? ಕೊನೆಗೆ 2003ರಲ್ಲಿ ಕಾಯಿದೆಯಾಗಿ, 2016ರಲ್ಲಿ ಸಂಗ್ರಹಾಲಯ ತೆರೆಯಿತು. ಒಟ್ಟು 101 ವರ್ಷ! ಲ್ಯಾಟಿನೋ ಸಂಗ್ರಹಾಲಯವನ್ನು 2020ರಲ್ಲಿ ಸೆನೆಟರ್ ಮೈಕ್ ಲೀ ತಡೆದಾಗಲೂ ಕೇಳಿಬಂದದ್ದು 'ದೇಶ ಒಡೆಯುತ್ತದೆ' ಎಂಬ ಮಾತೇ.

ಇದರಲ್ಲಿ ಅಪಾಯವೇ ಇಲ್ಲವೆಂದು ನಾನು ಹೇಳುವುದಿಲ್ಲ. "ನಿಮಗೊಂದು ಕಟ್ಟಡ ಕೊಟ್ಟೆವಲ್ಲ" ಎಂದು ಮುಖ್ಯ ಸಂಗ್ರಹಾಲಯ ಕೈತೊಳೆದುಕೊಳ್ಳಬಹುದು. ಸರ್ಕಾರದ ಹಣದಲ್ಲಿ ನಿಂತದ್ದು ಸರ್ಕಾರದ ಹಂಗಿಗೂ ಬೀಳಬಹುದು. 2025ರ ಮಾರ್ಚ್‌ನಲ್ಲಿ ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶವು ಕಪ್ಪು ಜನರ ಸಂಗ್ರಹಾಲಯವನ್ನು ಹೆಸರೆತ್ತಿ ಆಕ್ಷೇಪಿಸಿತು. ಆದರೆ ಇದಕ್ಕೆ ಪರಿಹಾರ ಬಾಗಿಲು ಮುಚ್ಚುವುದಲ್ಲ. ಅಲ್ಲಿ ಏನನ್ನು ಇಡಬೇಕು, ಏನನ್ನು ಹೇಳಬೇಕು ಎಂಬುದನ್ನು ಆಯಾ ಜನರೂ ವಿದ್ವಾಂಸರೂ ನಿರ್ಧರಿಸುವಂತೆ ಕಾಯುವುದು.

ವರ್ಷದ ನಡುವೆ ಬಂದು ಸೇರಿದ ಹುಡುಗರ ಹೆಸರನ್ನು ನಾನು ಹಾಜರಿ ಪುಸ್ತಕದ ಕೊನೆಯಲ್ಲಿ ಬರೆದುಕೊಳ್ಳುತ್ತಿದ್ದುದು ನಿಮಗೆಲ್ಲ ನೆನಪಿರಬಹುದು. ಅದರಿಂದ ತರಗತಿ ಒಡೆಯಿತೆಂದು ನಿಮ್ಮಲ್ಲಿ ಯಾರೂ ದೂರಲಿಲ್ಲ. ಹೆಸರನ್ನೇ ಕೂಗದಿದ್ದರೆ ಆ ಹುಡುಗ ಎದ್ದು ನಿಂತು 'ಹಾಜರ್ ಸಾರ್' ಎನ್ನುವುದಾದರೂ ಹೇಗೆ?