ಲೆಕ್ಕ ಕಾಯುವ ನೌಕರರಿಗೂ ಮನ್ನಣೆ ಸಲ್ಲಬೇಕು

ಸರ್ಕಾರಿ ಕಚೇರಿಗಳಿಗೆ ಸರಕು ಒದಗಿಸುವ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಮಾರ್ಚ್ ತಿಂಗಳು ಪರೀಕ್ಷಾಕಾಲವಿದ್ದಂತೆ. ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿಗಳಂತಹ ಊರುಗಳಲ್ಲಿ ವಿದ್ಯಾರ್ಥಿನಿಲಯಕ್ಕೆ ದಿನಸಿ, ಶಾಲೆಗೆ ಬೆಂಚು, ಪಂಚಾಯತಿಗೆ ಸಿಮೆಂಟಿನ ಕೊಳವೆ, ಕಚೇರಿಗೆ ಮುದ್ರಿತ ನಮೂನೆ ಒದಗಿಸಿದವರು ಆ ತಿಂಗಳಿನಲ್ಲಿ ಬಿಲ್ಲಿನ ಹಿಂದೆ ಅಲೆಯುವುದು ಹೊಸ ಸಂಗತಿಯೇನಲ್ಲ. ಗಮನಿಸಬೇಕಾದ ಸಂಗತಿ ಬೇರೊಂದಿದೆ. ಒಂದೇ ಊರಿನಲ್ಲಿ, ಒಂದೇ ನಿಯಮಾವಳಿಗೆ ಒಳಪಟ್ಟು, ಒಂದೇ ಗಣಕವ್ಯವಸ್ಥೆಯನ್ನು ಬಳಸುವ ಎರಡು ಕಚೇರಿಗಳಲ್ಲಿ ಒಂದರ ಹಣ ಮೂರು ವಾರಗಳಲ್ಲಿ ಸರಬರಾಜುದಾರನ ಖಾತೆಗೆ ಜಮೆಯಾಗುತ್ತದೆ; ಇನ್ನೊಂದರ ಕಡತ ಎಂಟು ತಿಂಗಳಾದರೂ ಕದಲುವುದಿಲ್ಲ. ಅನುದಾನದ ಕೊರತೆಯೊಂದೇ ಕಾರಣವಾಗಿದ್ದರೆ ಎರಡೂ ಕಡೆ ಒಂದೇ ಬಗೆಯ ವಿಳಂಬ ಕಾಣಬೇಕಿತ್ತು. ಅನೇಕ ವೇಳೆ ಈ ವ್ಯತ್ಯಾಸ ಹುಟ್ಟುವುದು ಲೆಕ್ಕಶಾಖೆಯ ಮೇಜಿನ ಹಿಂದೆ ಕುಳಿತಿರುವ ವ್ಯಕ್ತಿಯಿಂದ.

ಈ ವ್ಯತ್ಯಾಸದ ಬೆಲೆ ಎಷ್ಟೆಂಬುದನ್ನು ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡು ಲಕ್ಷ ರೂಪಾಯಿ ಸರಬರಾಜಿನಲ್ಲಿ ಶೇಕಡಾ 8ರ ಲಾಭವೆಂದರೆ 16,000 ರೂಪಾಯಿ. ಆ ಎರಡು ಲಕ್ಷವನ್ನು ಶೇಕಡಾ 12ರ ಬಡ್ಡಿಗೆ ತಂದಿದ್ದರೆ ತಿಂಗಳಿಗೆ 2,000 ರೂಪಾಯಿ ಬಡ್ಡಿ. ಎಂಟು ತಿಂಗಳ ವಿಳಂಬದಲ್ಲಿ ಲಾಭವೆಲ್ಲ ಕರಗಿ, ಒಂಬತ್ತನೆಯ ತಿಂಗಳಿನಿಂದ ವರ್ತಕನು ಸರ್ಕಾರಕ್ಕೆ ತನ್ನ ಕೈಯಿಂದ ಹಣ ಹಾಕಿ ಸೇವೆ ಸಲ್ಲಿಸಿದಂತಾಗುತ್ತದೆ. ಮುಂದಿನ ಸಲ ದರಪಟ್ಟಿ ಬರೆಯುವಾಗ ಆತನು ಈ ನಷ್ಟವನ್ನೂ ಸೇರಿಸಿಯೇ ದರ ನಮೂದಿಸುತ್ತಾನೆ. ಅಂದರೆ ನಿಧಾನವಾಗಿ ಹಣ ಕೊಡುವ ಕಚೇರಿ ಹೆಚ್ಚಿನ ಬೆಲೆಗೆ ಸರಕು ಕೊಳ್ಳುತ್ತದೆ. ಸಕಾಲದಲ್ಲಿ ಬಟವಾಡೆ ಮಾಡಿಸುವ ನೌಕರನು ಸಾರ್ವಜನಿಕ ಹಣವನ್ನು ಉಳಿಸುತ್ತಾನೆ. ಆ ಉಳಿತಾಯ ಯಾವ ವರದಿಯಲ್ಲಿಯೂ ಕಾಣಿಸಿಕೊಳ್ಳುವುದಿಲ್ಲವಾದುದರಿಂದ ಅದನ್ನು ಸಾಧಿಸಿದವನಿಗೆ ಮನ್ನಣೆಯೂ ದೊರೆಯುವುದಿಲ್ಲ.

ಸರ್ಕಾರಿ ನೌಕರರನ್ನು ಗೌರವಿಸುವ ಪರಿಪಾಠ ಇಲ್ಲವೆಂದಲ್ಲ. 1947ರ ಏಪ್ರಿಲ್ 21ರಂದು ಸರ್ದಾರ್ ಪಟೇಲರು ದೆಹಲಿಯ ಮೆಟ್‌ಕಾಫ್ ಭವನದಲ್ಲಿ ಆಡಳಿತ ಸೇವೆಯ ಕಿರಿಯ ಅಧಿಕಾರಿಗಳನ್ನು ಉದ್ದೇಶಿಸಿ ಮಾತನಾಡಿದ ನೆನಪಿಗೆ ಆ ದಿನವನ್ನು 2006ರಿಂದ ನಾಗರಿಕ ಸೇವಾ ದಿನವೆಂದು ಆಚರಿಸಲಾಗುತ್ತಿದ್ದು, ಪ್ರಧಾನಮಂತ್ರಿಗಳ ಪ್ರಶಸ್ತಿಗಳು ಅಂದು ಪ್ರದಾನವಾಗುತ್ತವೆ. ಕರ್ನಾಟಕ ಸರ್ಕಾರವು ಸರ್ವೋತ್ತಮ ಸೇವಾ ಪ್ರಶಸ್ತಿಯನ್ನು ರಾಜ್ಯಮಟ್ಟದಲ್ಲಿಯೂ ಜಿಲ್ಲಾಮಟ್ಟದಲ್ಲಿಯೂ ನೀಡುತ್ತಿದೆ. ಇವು ಸ್ವಾಗತಾರ್ಹವಾದವು. ಆದರೆ ಇಂತಹ ಆಯ್ಕೆಗಳಲ್ಲಿ ಕಣ್ಣಿಗೆ ಬೀಳುವುದು ಯೋಜನೆಯ ವ್ಯಾಪ್ತಿ, ಫಲಾನುಭವಿಗಳ ಸಂಖ್ಯೆ, ಹೊಸ ಪ್ರಯೋಗ ಮುಂತಾದವು. ಹಣವನ್ನು ಖರ್ಚು ಮಾಡಿದ ಕೈ ಎಲ್ಲರಿಗೂ ಕಾಣುತ್ತದೆ; ಆ ಖರ್ಚಿಗೆ ಸರಿಯಾದ ಲೆಕ್ಕವಿಟ್ಟು, ಸಲ್ಲಬೇಕಾದವರಿಗೆ ಸಲ್ಲಬೇಕಾದ ದಿನ ಸಲ್ಲಿಸಿದ ಕೈ ಮರೆಯಲ್ಲಿಯೇ ಉಳಿಯುತ್ತದೆ.

ಈ ವಿಷಯದಲ್ಲಿ ರಕ್ಷಣಾ ಇಲಾಖೆಯ ಕ್ರಮ ಮೇಲ್ಪಂಕ್ತಿಯಾಗಬಲ್ಲದು. ಸೈನ್ಯದ ಸಂಬಳ, ಪಿಂಚಣಿ, ಖರೀದಿಯ ಬಿಲ್ಲುಗಳ ಪಾವತಿ, ಆಂತರಿಕ ಲೆಕ್ಕಪರಿಶೋಧನೆಗಳೆಲ್ಲವನ್ನೂ ನಿರ್ವಹಿಸುವುದು ರಕ್ಷಣಾ ಲೆಕ್ಕಪತ್ರ ಇಲಾಖೆ. ಅಕ್ಟೋಬರ್ 1 ಅದರ ವಾರ್ಷಿಕ ದಿನ. ಆ ಸಂದರ್ಭದಲ್ಲಿ ಉತ್ತಮ ಕೆಲಸ ಮಾಡಿದವರಿಗೆ ರಕ್ಷಣಾ ಸಚಿವರ ಶ್ರೇಷ್ಠತಾ ಪ್ರಶಸ್ತಿ ನೀಡಲಾಗುತ್ತದೆ. ಬಂದೂಕು ಹಿಡಿದವನಿಗೆ ಪದಕ ಕೊಡುವ ವ್ಯವಸ್ಥೆಯು ಲೆಕ್ಕದ ಪುಸ್ತಕ ಹಿಡಿದವನನ್ನೂ ಮರೆತಿಲ್ಲ. ಪಿಂಚಣಿಯನ್ನು ಬ್ಯಾಂಕುಗಳ ಮಧ್ಯಸ್ಥಿಕೆಯಿಲ್ಲದೆ ನೇರವಾಗಿ ಪಾವತಿಸುವ ‘ಸ್ಪರ್ಶ್’ ವ್ಯವಸ್ಥೆಯನ್ನು ಈ ಇಲಾಖೆ ಜಾರಿಗೆ ತಂದಾಗ ಆರಂಭದಲ್ಲಿ ತೊಡಕುಗಳು ಎದುರಾದವು, ದೂರುಗಳೂ ಬಂದವು. ಆದರೂ ತಾಲ್ಲೂಕಿನ ಹಳ್ಳಿಯಲ್ಲಿರುವ ಮಾಜಿ ಸೈನಿಕನು ತನ್ನ ಜೀವಿತ ಪ್ರಮಾಣಪತ್ರವನ್ನು ಹತ್ತಿರದ ಸಾಮಾನ್ಯ ಸೇವಾ ಕೇಂದ್ರದಲ್ಲಿಯೇ ದಾಖಲಿಸಬಹುದಾದದ್ದು ಸಣ್ಣ ಅನುಕೂಲವೇನಲ್ಲ.

ಅಮೆರಿಕದಲ್ಲಿ ಸೇನೆಯ ಹಣಕಾಸು ನಿರ್ವಾಹಕರ ವೃತ್ತಿಸಂಘವೇ ಇದ್ದು, ಆಯವ್ಯಯ, ಲೆಕ್ಕಪರಿಶೋಧನೆ, ವೆಚ್ಚವಿಶ್ಲೇಷಣೆಗಳಲ್ಲಿ ದುಡಿದ ಸೈನಿಕ ಹಾಗೂ ನಾಗರಿಕ ಸಿಬ್ಬಂದಿಯನ್ನು ಪುರಸ್ಕರಿಸುತ್ತದೆ. ಅಲ್ಲಿನ ವರ್ತಕರಿಗೆ ಇದಕ್ಕಿಂತ ಮುಖ್ಯವಾದದ್ದು 1982ರ ಸಕಾಲಿಕ ಪಾವತಿ ಕಾಯ್ದೆ. ಕೇಂದ್ರ ಸರ್ಕಾರದ ಕಚೇರಿಗಳು ಸಾಮಾನ್ಯವಾಗಿ 30 ದಿನಗಳೊಳಗೆ ಬಿಲ್ಲು ಪಾವತಿಸಬೇಕು, ತಪ್ಪಿದರೆ ಸರಬರಾಜುದಾರನು ಕೇಳದಿದ್ದರೂ ಬಡ್ಡಿ ಸೇರಿಸಿ ಕೊಡಬೇಕು. ಪುರಸ್ಕಾರವೂ ಇದೆ, ಅದರ ಬೆನ್ನಿಗೆ ಕಾನೂನಿನ ಬಿಗಿಯೂ ಇದೆ.

ಲೆಕ್ಕದ ಶಿಸ್ತು ಶಿಕಾರಿಪುರ, ಸೊರಬ ಸೀಮೆಗೆ ಹೊರಗಿನಿಂದ ಬಂದ ವಿದ್ಯೆಯೇನಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಬನವಾಸಿ ಹನ್ನೆರಡು ಸಾವಿರದ ರಾಜಧಾನಿಯಾಗಿದ್ದ ಕಾಲದಲ್ಲಿ ಸೇನೆ ಮತ್ತು ಸುಂಕ ಎರಡೂ ಒಬ್ಬನೇ ಅಧಿಕಾರಿಯ ಕೈಯಲ್ಲಿ ಸೇರಿರುತ್ತಿದ್ದುದುಂಟು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಅನಂತಪಾಲನು ಬನವಾಸಿ ನಾಡಿನ ಆಡಳಿತದ ಜೊತೆಗೆ ಪನ್ನಾಯ ಸುಂಕದ ಹೊಣೆಯನ್ನೂ ಹೊತ್ತಿದ್ದನು. ವಡ್ಡರಾವುಳವೆಂಬ ಸುಂಕದ ಆಡಳಿತಕ್ಕೆ ಸಂಬಂಧಿಸಿದಂತೆ ಗೋವಿಂದರಸನ ಹೆಸರು ಈ ಭಾಗದ ಶಾಸನಗಳಲ್ಲಿ ಬರುತ್ತದೆ. ನಾನಾದೇಶಿ ವರ್ತಕ ಸಂಘಗಳು ಕಾಲೂರಿ ವ್ಯಾಪಾರ ನಡೆಸಿದ ಪಟ್ಟಣ ಬಳ್ಳಿಗಾವಿ. ಸುಂಕದ ಲೆಕ್ಕ ಸರಿಯಿಲ್ಲದ ಊರಿನಲ್ಲಿ ದೂರದೇಶದ ವರ್ತಕರು ನಿಲ್ಲುತ್ತಿದ್ದರೆಂದು ಊಹಿಸುವುದು ಕಷ್ಟ.

ಎರಡೂ ತಾಲ್ಲೂಕುಗಳ ಊರೂರುಗಳಲ್ಲಿ ವೀರಗಲ್ಲುಗಳಿವೆ. ತುರುಗಳನ್ನು ಕಾಪಾಡಲು, ಊರನ್ನು ಉಳಿಸಲು ಮಡಿದವನಿಗೆ ಕಲ್ಲು ನಿಲ್ಲಿಸಿ, ಆತನ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿ ಬಿಡುತ್ತಿದ್ದರು. ಲೆಕ್ಕ ಬರೆದವರಿಗೆ ಅಂತಹ ಕಲ್ಲು ನಿಲ್ಲಲಿಲ್ಲ. ಕೆಳದಿಯ ಶಿವಪ್ಪನಾಯಕನ ‘ಶಿಸ್ತು’ ಇದಕ್ಕೆ ಒಳ್ಳೆಯ ನಿದರ್ಶನ. ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಆಳಿದ ಆತನು ಕಂದಾಯ ನಿಗದಿ ಮಾಡುವ ಮೊದಲು, ಪ್ರತಿ ಗ್ರಾಮದಲ್ಲಿ ಒಂದೊಂದು ತರದ ಭೂಮಿಯಿಂದ ಒಂದೊಂದು ಹೊಲವನ್ನು ಆರಿಸಿ ಹನ್ನೆರಡು ವರ್ಷ ತನ್ನ ಸ್ವಂತ ಲೆಕ್ಕದಲ್ಲಿ ಸಾಗುವಳಿ ಮಾಡಿಸಿದನೆಂದೂ, ಬಿತ್ತಿದ ಬೀಜ, ತಗುಲಿದ ಖರ್ಚು, ಬಂದ ಫಸಲು, ಅದರ ಬೆಲೆ ಎಲ್ಲವನ್ನೂ ಬರೆಸಿ, ಸರಾಸರಿ ತೆಗೆದು ಮೂರನೆಯ ಒಂದು ಪಾಲನ್ನು ಸರ್ಕಾರದ ಭಾಗವಾಗಿ ಗೊತ್ತುಪಡಿಸಿದನೆಂದೂ ಬಿ.ಎಲ್. ರೈಸ್ ತಮ್ಮ ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಅಂದಾಜಿನ ಮೇಲೆ ತೆರಿಗೆ ಹೇರುವ ಕಾಲದಲ್ಲಿ ಹನ್ನೆರಡು ವರ್ಷಗಳ ಅಂಕಿಅಂಶಕ್ಕಾಗಿ ಕಾದ ಅರಸನ ಹೆಸರು ಇಂದಿಗೂ ಉಳಿದಿದೆ. ಆ ಹನ್ನೆರಡು ವರ್ಷ ಹೊಲದ ಬದುವಿನ ಮೇಲೆ ನಿಂತು ಅಳೆದು ಬರೆದವರ ಹೆಸರು ಮಾತ್ರ ಯಾರ ಬಾಯಲ್ಲಿಯೂ ಇಲ್ಲ.

ಇಂದು ಅಂತಹ ಹೆಸರುಗಳನ್ನು ಗುರುತಿಸುವುದಕ್ಕೆ ಸಾಧನಗಳ ಕೊರತೆಯಿಲ್ಲ. ರಾಜ್ಯಗಳ ಪೈಕಿ ಮೊಟ್ಟಮೊದಲಿಗೆ 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ರೂಪಿಸಿದ ರಾಜ್ಯ ಕರ್ನಾಟಕ. ಅದೇ ಅವಧಿಯಲ್ಲಿ ‘ಖಜಾನೆ’ ಯೋಜನೆಯ ಮೂಲಕ ಜಿಲ್ಲಾ ಖಜಾನೆಗಳೊಂದಿಗೆ ತಾಲ್ಲೂಕು ಉಪಖಜಾನೆಗಳೂ ಗಣಕಜಾಲಕ್ಕೆ ಸೇರಿದವು. ಮುಂದೆ ಬಂದ ‘ಖಜಾನೆ–2’ರಲ್ಲಿ ಬಿಲ್ಲಿನ ಹಣ ಚೆಕ್ಕಿನ ಅಲೆದಾಟವಿಲ್ಲದೆ ನೇರವಾಗಿ ಖಾತೆ ಸೇರುವಂತಾಯಿತು. ಬಿಲ್ಲು ಯಾವ ದಿನ ಖಜಾನೆಗೆ ಬಂತು, ಯಾವ ಆಕ್ಷೇಪಣೆಯ ಮೇಲೆ ಮರಳಿತು, ಯಾವ ದಿನ ಪಾವತಿಯಾಯಿತು ಎಂಬ ವಿವರಗಳು ಗಣಕದಲ್ಲಿ ದಾಖಲಾಗುವ ಕಾಲ ಇದು. ದಾಖಲಾಗದೆ ಉಳಿಯುವುದು, ಬಿಲ್ಲು ಖಜಾನೆಗೆ ಹೊರಡುವ ಮೊದಲು ಇಲಾಖೆಯ ಕಚೇರಿಯ ಕಪಾಟಿನಲ್ಲಿ ಕಳೆದ ದಿನಗಳು. ವಿಳಂಬದ ಬಹುಪಾಲು ಇರುವುದೂ ಅಲ್ಲಿಯೇ ಎಂಬುದು ಸರಬರಾಜುದಾರರ ಸಾಮಾನ್ಯ ದೂರು.

ಗ್ರಾಮ ಪಂಚಾಯತಿಗಳ ಮಟ್ಟದಲ್ಲಿ ಈಗಾಗಲೇ ಒಂದು ಮಾದರಿಯಿದೆ. ವರ್ಷಕ್ಕೊಮ್ಮೆ ಜಮಾಬಂದಿ ನಡೆದು ಆದಾಯ, ಖರ್ಚು, ಕಾಮಗಾರಿಗಳ ದಾಖಲೆಗಳನ್ನು ಜನರ ಮುಂದಿಡಬೇಕೆಂಬ ನಿಯಮವಿದೆ. ಅಂಕಗಳ ಆಧಾರದ ಮೇಲೆ ತಾಲ್ಲೂಕಿಗೆ ಒಂದು ಪಂಚಾಯತಿಯನ್ನು ಆಯ್ಕೆಮಾಡಿ ಗಾಂಧಿ ಗ್ರಾಮ ಪುರಸ್ಕಾರವಾಗಿ 5 ಲಕ್ಷ ರೂಪಾಯಿ ನೀಡುವ ಪದ್ಧತಿ 2013–14ರ ಸಾಲಿನಿಂದ ಬಂದಿದೆ. ಪುರಸ್ಕಾರ ಬಂದಾಗ ಅಧ್ಯಕ್ಷರ ಹಾಗೂ ಅಭಿವೃದ್ಧಿ ಅಧಿಕಾರಿಗಳ ಭಾವಚಿತ್ರ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಕಂದಾಯ ವಸೂಲು ಮಾಡಿದ ಕರವಸೂಲಿಗಾರನೂ, ಖಾತೆಗಳನ್ನು ತಾಳೆ ನೋಡಿದ ಲೆಕ್ಕ ಸಹಾಯಕನೂ ಆ ಚಿತ್ರದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಹಾಗೆಂದು ಬೇಗ ಹಣ ಕೊಡುವುದೊಂದೇ ಉತ್ತಮ ಹಣಕಾಸು ನಿರ್ವಹಣೆಯೆಂದು ತಿಳಿದರೆ ಅದು ದೊಡ್ಡ ಪ್ರಮಾದವಾದೀತು. ಮಾರ್ಚ್ 31ರ ರಾತ್ರಿ ಕಣ್ಣುಮುಚ್ಚಿ ಬಿಲ್ಲು ಪಾಸು ಮಾಡುವವನಷ್ಟು ವೇಗ ಯಾರಿಗೂ ಇರದು. ವರ್ಷಾಂತ್ಯದ ಈ ನೂಕುನುಗ್ಗಲನ್ನು ಮಹಾಲೇಖಪಾಲರ ವರದಿಗಳು ಆಕ್ಷೇಪಿಸುತ್ತಲೇ ಬಂದಿವೆ. ಅಳತೆ ಪುಸ್ತಕಕ್ಕೂ ಸ್ಥಳದ ಕೆಲಸಕ್ಕೂ ತಾಳೆಯಿಲ್ಲದಾಗ, ದಾಸ್ತಾನು ವಹಿಯಲ್ಲಿ ಸರಕು ನಮೂದಾಗದಿದ್ದಾಗ ಬಿಲ್ಲನ್ನು ತಡೆಯುವ ನೌಕರನ ಮೇಲೆ ವರ್ತಕರು ಸಿಡುಕುವುದುಂಟು. ಆದರೆ ಅಂತಹ ಆಕ್ಷೇಪಣೆಯಿಂದ ನಿಜವಾಗಿ ಉಳಿಯುವವನು ಪ್ರಾಮಾಣಿಕ ಸರಬರಾಜುದಾರನೇ. ಸುಳ್ಳು ಬಿಲ್ಲಿಗೆ ಹೋದ ಅನುದಾನ ನಿಜವಾದ ಬಿಲ್ಲಿಗೆ ಉಳಿಯುವುದಿಲ್ಲ. ಪ್ರಶಂಸೆಗೆ ಅರ್ಹನಲ್ಲದವನು, ಒಂದೇ ಸಲಕ್ಕೆ ಹೇಳಬಹುದಾದ ನಾಲ್ಕು ಆಕ್ಷೇಪಣೆಗಳನ್ನು ನಾಲ್ಕು ಸಲ ಹೇಳಿ ನಾಲ್ಕು ತಿಂಗಳು ಕಳೆಯುವವನು.

ಇನ್ನೂ ಮೇಲಿನ ಗೌರವ ಸಲ್ಲಬೇಕಾದದ್ದು ಕಾರ್ಯಾದೇಶಕ್ಕೆ ಮೊದಲೇ ‘ಹಣವಿಲ್ಲ’ ಎಂದು ಕಡತದಲ್ಲಿ ಬರೆಯುವ ಧೈರ್ಯವುಳ್ಳವನಿಗೆ. ಬಾಕಿ ಬಿಲ್ಲುಗಳ ಬೆಟ್ಟ ಬೆಳೆಯುವುದು ಪಾವತಿಯ ಹಂತದಲ್ಲಲ್ಲ. ಅನುದಾನವನ್ನು ಮೀರಿ ಕೆಲಸಗಳಿಗೆ ಮಂಜೂರಾತಿ ಕೊಟ್ಟ ದಿನವೇ ಅದರ ಬುಡ ಏಳುತ್ತದೆ. ಮೇಲಧಿಕಾರಿಯ ಒತ್ತಡ, ಜನಪ್ರತಿನಿಧಿಯ ಅವಸರ, ಗುತ್ತಿಗೆದಾರನ ಆಸೆ ಮೂರೂ ಒಂದೇ ದಿಕ್ಕಿಗೆ ಎಳೆಯುವಾಗ ಆಯವ್ಯಯದ ಪುಟ ತೆರೆದು ತೋರಿಸುವ ಲೆಕ್ಕಾಧೀಕ್ಷಕನಿಗೆ ಅಂದು ಬರುವುದು ಬೈಗುಳವೇ. ಮುಖ್ಯಮಂತ್ರಿಗಳಿಬ್ಬರನ್ನು ರಾಜ್ಯಕ್ಕೆ ಕೊಟ್ಟ ಈ ಎರಡು ತಾಲ್ಲೂಕುಗಳು ಸರ್ಕಾರಿ ಕಾಮಗಾರಿಗಳನ್ನು ಧಾರಾಳವಾಗಿ ಕಂಡಿವೆ. ಕಾಮಗಾರಿ ಹೆಚ್ಚಿದಷ್ಟೂ ಇಂತಹ ನೌಕರರ ಅಗತ್ಯವೂ ಹೆಚ್ಚುತ್ತದೆ.

ಕಾನೂನು ಇರುವಾಗ ಪುರಸ್ಕಾರವೇಕೆ ಎಂದು ಕೇಳಬಹುದು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಹಾಗೂ ಸಣ್ಣ ಉದ್ದಿಮೆಗಳಿಗೆ ಹಣ ಪಾವತಿಸುವ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಬೇಕು. ಕೊಳ್ಳುವವನು ಸರ್ಕಾರವಾದರೂ ಇದು ಅನ್ವಯ. ಆದರೆ ಸೊರಬದ ಸಣ್ಣ ತಯಾರಕನೊಬ್ಬನು ನಾಳೆಯೂ ಅದೇ ಕಚೇರಿಗೆ ಸರಕು ಕೊಡಬೇಕಾಗಿರುವಾಗ ಬಡ್ಡಿಗಾಗಿ ದಾವೆ ಹೂಡುವುದುಂಟೇ? ಇನ್ನು ತಯಾರಕರಲ್ಲದ ವರ್ತಕರ ಪಾಡು ಬೇರೆ. 2021ರ ಜುಲೈನಲ್ಲಿ ಅವರಿಗೂ ‘ಉದ್ಯಮ್’ ನೋಂದಣಿಗೆ ಅವಕಾಶ ದೊರೆತರೂ, ಆ ಆದೇಶ ಅದರ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕೆ ಸೀಮಿತಗೊಳಿಸಿತು. ದಿನಸಿಯನ್ನೋ ಲೇಖನಸಾಮಗ್ರಿಯನ್ನೋ ಕೊಂಡು ಮಾರುವವನಿಗೆ ಲೆಕ್ಕಶಾಖೆಯ ನೌಕರನ ಕರ್ತವ್ಯನಿಷ್ಠೆಯೇ ಆಸರೆ.

ಆದರೆ ಮನ್ನಣೆ ಯಾರ ಕೈಯಿಂದ ಬರಬೇಕೆಂಬುದರಲ್ಲಿ ಎಚ್ಚರ ಅಗತ್ಯ. ಹಣ ಪಡೆಯುವವರೇ ಹಣ ಬಟವಾಡೆ ಮಾಡುವವರಿಗೆ ಶಾಲು ಹೊದಿಸಿ, ಬೆಳ್ಳಿ ಫಲಕ ಕೊಟ್ಟರೆ ನೋಡುವವರಿಗೆ ಅದು ಸನ್ಮಾನವಾಗಿ ಕಾಣುವುದಿಲ್ಲ. ನೌಕರರ ನಡತೆ ನಿಯಮಗಳೂ ಉಡುಗೊರೆ, ಬಹಿರಂಗ ಸನ್ಮಾನಗಳಿಗೆ ನಿರ್ಬಂಧ ವಿಧಿಸಿವೆ. ಅವು ಸಕಾರಣವಾಗಿಯೇ ಇವೆ. ಪುರಸ್ಕಾರ ಸರ್ಕಾರದಿಂದಲೇ ಬರಬೇಕು. ಸರ್ವೋತ್ತಮ ಸೇವಾ ಪ್ರಶಸ್ತಿಯ ಜಿಲ್ಲಾಮಟ್ಟದ ಆಯ್ಕೆಯಲ್ಲಿ ಹಣಕಾಸು ನಿರ್ವಹಣೆಗೆಂದು ಒಂದು ಸ್ಥಾನ ಮೀಸಲಿಡುವುದು ಸರ್ಕಾರಕ್ಕೆ ಹೊರೆಯಾಗಲಾರದು. ಆಯ್ಕೆಗೆ ಖಜಾನೆಯ ದತ್ತಾಂಶ, ಲೆಕ್ಕಪರಿಶೋಧನೆಯ ಬಾಕಿ ಆಕ್ಷೇಪಣೆಗಳ ಇಳಿಕೆ, ಮಾರ್ಚ್ ತಿಂಗಳ ಖರ್ಚಿನ ಪ್ರಮಾಣ, ಅವಧಿ ಮುಗಿದ ಠೇವಣಿಗಳನ್ನು ಕೇಳುವ ಮೊದಲೇ ಹಿಂದಿರುಗಿಸಿದ ದಾಖಲೆ ಇವಿಷ್ಟಿದ್ದರೆ ಸಾಕು. ನಗದು ಬಹುಮಾನಕ್ಕಿಂತ ಸೇವಾ ದಾಖಲೆಯಲ್ಲಿ ಸೇರುವ ಒಂದು ಪ್ರಶಂಸಾ ಪತ್ರ ನೌಕರನಿಗೆ ಹೆಚ್ಚು ಕಾಲ ನೆರವಾಗುತ್ತದೆ.

ವಾಣಿಜ್ಯ ಸಂಸ್ಥೆಗಳಿಗೆ ಇದರಲ್ಲಿ ಉಳಿದಿರುವ ಪಾತ್ರ ಸಾಕ್ಷ್ಯ ಒದಗಿಸುವುದು. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಸರಬರಾಜುದಾರರು ಏಪ್ರಿಲ್ ಒಂದರಿಂದ ಒಂದು ಸಾದಾ ವಹಿಯನ್ನು ಇಡಲಿ: ಸರಕು ಒಪ್ಪಿಸಿದ ದಿನ, ಬಿಲ್ಲು ಕೊಟ್ಟ ದಿನ, ಆಕ್ಷೇಪಣೆ ಬಂದಿದ್ದರೆ ಅದರ ಕಾರಣ, ಹಣ ಜಮೆಯಾದ ದಿನ, ಠೇವಣಿ ಮರಳಿದ ದಿನ. ವರ್ಷದ ಕೊನೆಗೆ ಈ ವಹಿಗಳನ್ನು ಒಟ್ಟುಗೂಡಿಸಿ, ಕಚೇರಿವಾರು ಸರಾಸರಿ ದಿನಗಳ ಪಟ್ಟಿಯನ್ನು ಜಿಲ್ಲಾಧಿಕಾರಿಗಳಿಗೂ ಖಜಾನೆ ಇಲಾಖೆಗೂ ಲಿಖಿತವಾಗಿ ಸಲ್ಲಿಸಬಹುದು. ಪಟ್ಟಿಯ ಮೇಲ್ಭಾಗದ ಕಚೇರಿಗಳಿಗೆ ಪ್ರಶಂಸೆಯ ಪತ್ರ, ಕೆಳಭಾಗದವುಗಳಿಗೆ ವಿವರಣೆ ಕೋರುವ ಪತ್ರ ಒಂದೇ ಲಕೋಟೆಯಲ್ಲಿ ಹೋಗಲಿ. ಹಾಸನ, ಹಾವೇರಿಗಳಲ್ಲಿಯೂ ಇದೇ ಪ್ರಯತ್ನ ನಡೆದರೆ ಜಿಲ್ಲೆ ಜಿಲ್ಲೆಗಳನ್ನು ಹೋಲಿಸಿ ನೋಡುವುದಕ್ಕೂ ಸಾಧ್ಯವಾಗುತ್ತದೆ.