ಮನೆಯ ಹಾಡೂ ಮನೆಯ ನುಡಿಯೂ

ಜಯನಗರ, ಬನಶಂಕರಿಗಳಲ್ಲಿ ತುಳುನಾಡಿನಿಂದ ಬಂದು ನೆಲಸಿದ ಮನೆತನಗಳು ಹಲವು ಉಂಟು. ಆ ಮನೆಯ ಬಾಲಿಕೆಯು ಶಾಲೆಯ ಉತ್ಸವದಲ್ಲಿ ಪಾಡ್ದನವೊಂದನ್ನು ಕಂಠಪಾಠ ಮಾಡಿ ಹಾಡಿದರೆ ನಾವೆಲ್ಲರೂ ಸಂತೋಷದಿಂದ ಚಪ್ಪಾಳೆ ತಟ್ಟುವೆವು. ಅದರ ಅರ್ಥವೇನಮ್ಮಾ ಎಂದು ಕೇಳಿದರೆ ಆಕೆಯು ತಲೆ ತಗ್ಗಿಸುವಳು. ತಪ್ಪು ಆಕೆಯದಲ್ಲ, ನಮ್ಮದು.

ಆಕೆಯ ಅಜ್ಜಿಯಂದಿರು ನೇಜಿ ನೆಡುವಾಗ ಇವೇ ಪಾಡ್ದನಗಳನ್ನು ಹಾಡಿದವರು. ಸಿರಿಯ ಕಷ್ಟವನ್ನೂ ಕೋಟಿ ಚೆನ್ನಯರ ಶೌರ್ಯವನ್ನೂ ಬಾಯಿಂದ ಬಾಯಿಗೆ ಒಪ್ಪಿಸಿದವರು. 1886ರಲ್ಲಿ ಬಾಸೆಲ್ ಮಿಶನ್ನಿನ ಮ್ಯಾನರ್ ಪಾದ್ರಿಗಳು ಮಂಗಳೂರಿನಲ್ಲಿ ಪಾಡ್ದನಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದರು. ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ಸಿರಿಯ ಕಥೆಯು ಹದಿನೈದು ಸಾವಿರಕ್ಕೂ ಮಿಕ್ಕಿದ ಸಾಲುಗಳ ಗ್ರಂಥವಾಗಿ 1998ರಲ್ಲಿ ಹೊರಬಿದ್ದಿತು. ಈ ಉಪಕಾರವನ್ನು ಮರೆಯತಕ್ಕದ್ದಲ್ಲ. ಆದರೂ ಕಪಾಟಿನಲ್ಲಿರುವ ಗ್ರಂಥವು ಮಗುವಿಗೆ ಮಾತು ಕಲಿಸಲಾರದು. 2011ರ ಜನಗಣತಿಯಲ್ಲಿ ತುಳುವನ್ನು ತಾಯ್ನುಡಿಯೆಂದು ಬರೆಯಿಸಿದವರು 18 ಲಕ್ಷಕ್ಕೂ ಅಧಿಕ. ಆದರೆ ಅಜ್ಜಿಯು ತುಳುವಿನಲ್ಲಿ ಕರೆದಾಗ ಮೊಮ್ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮನೆ ಯಾವುದೆಂಬುದನ್ನು ಗಣತಿಯು ತೋರಿಸದು.

ನುಡಿಯನ್ನು ಬಿಟ್ಟು ಹಾಡೊಂದೇ ಉಳಿದರೆ ಏನಾಗುವುದೆಂಬುದಕ್ಕೆ ದೂರದೇಶದ ದೃಷ್ಟಾಂತವೊಂದುಂಟು. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳಲ್ಲಿ ಕೆಚುವಾ ಎಂಬ ಪುರಾತನ ಭಾಷೆಯಿರುವುದು. ಇಂಕಾ ಅರಸರ ರಾಜ್ಯಭಾರವು ನಡೆದುದು ಅದರಲ್ಲಿಯೇ. ಪೆರು ದೇಶದ ದಾನಿಯೆಲ್ ಅಲೋಮಿಯಾ ರೋಬ್ಲೆಸ್ ಎಂಬವರು ಆ ಜನರ ಹಾಡಿನ ಧಾಟಿಯಲ್ಲಿ 1913ರಲ್ಲಿ ನಾಟಕವೊಂದಕ್ಕೆ ರಚಿಸಿದ ಒಂದು ರಾಗವು, 1970ರಲ್ಲಿ ಇಂಗ್ಲಿಷ್ ಮಾತುಗಳನ್ನು ತೊಟ್ಟು ಲೋಕವನ್ನೆಲ್ಲ ಸುತ್ತಿತು. ಇತ್ತ ಪಟ್ಟಣಕ್ಕೆ ಇಳಿದುಬಂದ ಕೆಚುವಾ ತಾಯಂದಿರಲ್ಲಿ ಅನೇಕರು, ಮಕ್ಕಳನ್ನು ಜನರು ಹೀಯಾಳಿಸಿಯಾರೆಂದು ಅಂಜಿ, ಅವರೊಡನೆ ಸ್ಪ್ಯಾನಿಷ್ ಭಾಷೆಯನ್ನೇ ಆಡಿದರು. 1975ರಲ್ಲಿ ಪೆರು ಸರಕಾರವು ಕೆಚುವಾವನ್ನು ಅಧಿಕೃತ ಭಾಷೆಯೆಂದು ಸಾರಿದರೂ ಆ ಅಂಜಿಕೆಯು ತೊಲಗಲಿಲ್ಲ.

ಕನ್ನಡವನ್ನೂ ಇಂಗ್ಲಿಷನ್ನೂ ಕಲಿಯುವ ಮಗುವಿಗೆ ಮತ್ತೊಂದು ಭಾರವೇಕೆಂದು ಕೆಲವರು ಕೇಳುವರು. ತಾಯಿಯ ಮಾತು ಮಗುವಿಗೆ ಭಾರವಲ್ಲ. ಬೇಂದ್ರೆಯವರ ಮನೆಮಾತು ಮರಾಠಿ, ಗೋವಿಂದ ಪೈಗಳದು ಕೊಂಕಣಿ. ಅದರಿಂದ ಅವರ ಕನ್ನಡಕ್ಕೆ ಯಾವ ಕೊರತೆಯೂ ಆಗಲಿಲ್ಲವಷ್ಟೆ.

ಆದುದರಿಂದ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ತಂದೆಯರಲ್ಲಿಯೂ ನಮ್ಮ ಬಿನ್ನಹವಿಷ್ಟೆ: ದಿನಕ್ಕೊಂದು ಊಟದ ಹೊತ್ತಿನಲ್ಲಾದರೂ ಮನೆಯ ನುಡಿಯನ್ನೇ ಆಡಿರಿ. ಅಜ್ಜಿಯು ಇರುವಾಗಲೇ ಆಕೆಯ ಹಾಡನ್ನು ಅರ್ಥಸಹಿತವಾಗಿ ಮಗುವಿಗೆ ಕಲಿಸಿರಿ. ಮುಂದಿನ ಉತ್ಸವದಲ್ಲಿ ಆ ಬಾಲಿಕೆಯು ತಲೆಯೆತ್ತಿ ಉತ್ತರ ಕೊಡಲಿ.