ಸ್ಲ್ಯಾಬ್ ಹಾಕೋ ಮುಂಚೆ ಕರ್ಕೊಂಡು ಹೋಗ್ರಿ

ನಮಗೆ ಸೈಟ್ ವಿಸಿಟ್ ಅಂದ್ರೆ ಮುಗಿದ ಸೇತುವೆ ನೋಡಿ, ಗ್ರೂಪ್ ಫೋಟೊ ತೆಗೆಸ್ಕೊಂಡು ಬರೋದು. ಆದರೆ ಕಾಂಪೊಸಿಟ್ ಸೇತುವೆಯಲ್ಲಿ ನೋಡಲೇಬೇಕಾದದ್ದು ಆಗ ಕಾಣೋದೇ ಇಲ್ಲ.

ಬಾಗಲವಾಡ, ಮಾನ್ವಿ ಕಡೆಯ ಹಳೆ ಮನೆಗಳಲ್ಲಿ ಕಬ್ಬಿಣದ ಗರ್ಡರ್ ಮೇಲೆ ಕಲ್ಲಿನ ಚಪ್ಪಡಿ ಹಾಸಿದ ಮಾಳಿಗೆ ನೋಡಿರ್ತೀವಿ. ಅಲ್ಲಿ ಚಪ್ಪಡಿ ಗರ್ಡರ್‌ಗೆ ಬರೀ ಭಾರ, ಜೊತೆಗಾರ ಅಲ್ಲ. ಕಾಂಪೊಸಿಟ್ ಸೇತುವೆಯಲ್ಲಿ ಮಾತ್ರ ಕಾಂಕ್ರೀಟ್ ಒತ್ತಡವನ್ನೂ ಉಕ್ಕು ಎಳೆತವನ್ನೂ ತಗೊಂಡು ಇಬ್ಬರೂ ಸೇರಿ ಹೊರ್ತಾರೆ. ಸೇರಿಸೋದು ಯಾರು? ಗರ್ಡರ್ ಮೇಲೆ ವೆಲ್ಡ್ ಮಾಡಿದ ಶಿಯರ್ ಸ್ಟಡ್. ಅದರ ಕಾಂಡ ಸ್ಲ್ಯಾಬ್ ಜಾರದಂತೆ ಹಿಡಿಯುತ್ತದೆ, ದಪ್ಪ ತಲೆ ಮೇಲೇಳದಂತೆ ತಡೆಯುತ್ತದೆ.

ಒಂದೇ ಥರದ 2 ಸ್ಕೇಲ್ ಒಂದರ ಮೇಲೊಂದು ಇಟ್ಟು ಬಾಗಿಸಿ ನೋಡ್ರಿ. ತುದಿಗಳು ಜಾರ್ತವೆ. ಜಾರದಂತೆ ಪೂರ್ತಿ ಅಂಟಿಸಿದರೆ ಬಿಗಿತ 4 ಪಟ್ಟು, ಬಲ 2 ಪಟ್ಟು ಆಗುತ್ತದೆ. ವಸ್ತು ಅಷ್ಟೇ, ಖರ್ಚು ಅಂಟಿನದು ಮಾತ್ರ!

ನಮ್ಮ ದೇಶದಲ್ಲಿ ಉಕ್ಕು-ಕಾಂಕ್ರೀಟ್ ಕಾಂಪೊಸಿಟ್ ನಿರ್ಮಾಣಕ್ಕೆ ಐಎಸ್ 11384 ಅನ್ನೋ ಕೋಡ್ 1985ರಿಂದಲೇ ಇದೆ, 2022ರಲ್ಲಿ ಪರಿಷ್ಕರಣೆಯೂ ಆಗಿದೆ. ಆದರೆ ಕೋಡ್ ಓದಿದರೆ ವೆಲ್ಡ್ ಗುರುತಿಸೋ ಕಣ್ಣು ಬರಲ್ಲ. ಸ್ಟಡ್‌ಗೆ ಸುತ್ತಿಗೆಯಿಂದ ಹೊಡೆದು ಬಾಗಿಸಿ, ಬುಡದ ವೆಲ್ಡ್ ಬಿರುಕು ಬಿಡ್ತಾ ಅಂತ ಪರೀಕ್ಷೆ ಮಾಡ್ತಾರೆ. ಅದು ಕಾಂಕ್ರೀಟ್ ಸುರಿಯೋ ಮುಂಚೆ ಮಾತ್ರ ಸಾಧ್ಯ. ಸುರಿದ ಮೇಲೆ ಕೆಟ್ಟ ವೆಲ್ಡ್ ಕೂಡ ಒಳ್ಳೆಯದರ ಹಾಗೇ ಮುಚ್ಚಿಹೋಗುತ್ತದೆ. ನಾಳೆ ಅದಕ್ಕೆ ಸಹಿ ಹಾಕೋರು ನಾವೇ.

ಅದಕ್ಕೇ ಕೇಳ್ತಿದ್ದೀವಿ: ಉದ್ಘಾಟನೆ ಆದ ಮೇಲೆ ಬೇಡ, ಸ್ಲ್ಯಾಬ್ ಹಾಕೋ ಹಿಂದಿನ ದಿನ ಕರ್ಕೊಂಡು ಹೋಗ್ರಿ. ಫೋಟೊ ಚೆನ್ನಾಗಿ ಬರದಿದ್ರೂ ಪರವಾಗಿಲ್ಲ.